ಸೈಕಲ್ ಕನ್ನಡಕ: ನೆರಳು ನೋಡಿ ಆರಿಸಿ

ರೋಡ್ ಸೈಕಲ್ ಓಡಿಸುವವರು ಕನ್ನಡಕ, ಲೆನ್ಸ್‌ಗಳ ಬಗ್ಗೆ ಕೇಳಿದ ಪ್ರಶ್ನೆಗಳಿಗೆ ಈ ಸಲದ ಅಂಕಣ ಮೀಸಲು. ಒಂದೇ ತೆರನಾದ ಪ್ರಶ್ನೆಗಳನ್ನು ಒಟ್ಟಿಗೆ ಸೇರಿಸಿದ್ದೇವೆ. ಪವರ್ ಇರುವವರ ತಕರಾರುಗಳೇ ಜಾಸ್ತಿ ಬಂದಿದ್ದವು, ಹಾಗಾಗಿ ಜಾಗವೂ ಅದಕ್ಕೇ ಜಾಸ್ತಿ ಹೋಗಿದೆ.

ಪ್ರಶ್ನೆ: ಪ್ರತಿ ಭಾನುವಾರ ಬೆಳಗಿನ ಜಾವ 5ಕ್ಕೆ ಹೆಬ್ಬಾಳದಿಂದ ಹೊರಟು ನಂದಿ ಬೆಟ್ಟ ಹತ್ತಿ 11ರ ಸುಮಾರಿಗೆ ವಾಪಸಾಗುತ್ತೇವೆ. ಅಂಗಡಿಯಲ್ಲಿ ಕ್ಯಾಟಗರಿ 3ರ ಕಪ್ಪು ಗ್ಲಾಸ್ ಕೊಟ್ಟರು. ಹೋಗುವಾಗ ಅದು ಜೇಬಿನಲ್ಲೇ ಇರುತ್ತದೆ. ಇಡೀ ದಾರಿಗೆ ಆಗುವಂಥದ್ದು ಸಿಗುವುದಿಲ್ಲವೇ?
— ಓದುಗರು, ಆರ್.ಟಿ. ನಗರ

ಉತ್ತರ: ಆ ಅಂಕಿ, ಲೆನ್ಸ್ ಎಷ್ಟು ಬೆಳಕನ್ನು ಒಳಗೆ ಬಿಡುತ್ತದೆ ಅನ್ನುವುದರ ಲೆಕ್ಕ. ಕ್ಯಾಟಗರಿ 0 ಅಂದರೆ ಶೇ. 80ಕ್ಕಿಂತ ಹೆಚ್ಚು ಬೆಳಕು ದಾಟುತ್ತದೆ, 1ರಲ್ಲಿ ಶೇ. 43ರಿಂದ 80, 2ರಲ್ಲಿ 18ರಿಂದ 43, 3ರಲ್ಲಿ 8ರಿಂದ 18, 4ರಲ್ಲಿ 3ರಿಂದ 8. ಕನ್ನಡಕದ ಕಡ್ಡಿಯ ಒಳಮೈಯಲ್ಲೋ ಡಬ್ಬಿಯ ಮೇಲೋ ಇದನ್ನು ಮುದ್ರಿಸಿರುತ್ತಾರೆ. 4 ಹಿಮದ ಬೆಟ್ಟಗಳಿಗೆ ಮಾಡಿದ್ದು, ಅದನ್ನು ಹಾಕಿಕೊಂಡು ರಸ್ತೆಗೆ ಇಳಿಯಲೇಬಾರದು.

ಬೆಂಗಳೂರಿನಲ್ಲಿ ಎಲ್ಲರೂ 3 ಕೊಳ್ಳುವುದು ನಡುಹಗಲ ಬಿಸಿಲನ್ನು ನೆನೆದುಕೊಂಡು. ಬಿಸಿಲಲ್ಲಿ ಗುಂಡಿ ಹೇಗಿದ್ದರೂ ಕಾಣುತ್ತದೆ. ಕಾಣದೆ ಬೀಳಿಸುವುದು ಮರದ ನೆರಳಿನಲ್ಲಿರುವ ಗುಂಡಿ, ಬಣ್ಣ ಅಳಿಸಿಹೋದ ಹಂಪ್, ಅಂಡರ್‌ಪಾಸಿನ ಒಳಗೆ ಸುರಿದು ಬಿದ್ದ ಜಲ್ಲಿ. ಆದ್ದರಿಂದ ನಿಮ್ಮ ದಾರಿಯಲ್ಲಿ ಅತಿ ಕತ್ತಲಿರುವ ತುಂಡು ಯಾವುದು ಎಂದು ಮೊದಲು ನೋಡಿ, ಅಲ್ಲಿ ಕಣ್ಣು ಕಾಣುವಂಥ ಲೆನ್ಸ್ ಆರಿಸಿ. ಬಿಸಿಲಿಗೆ ಸ್ವಲ್ಪ ಕಣ್ಣು ಕಿರಿದು ಮಾಡಿದರೂ ನಡೆಯುತ್ತದೆ, ಕತ್ತಲಿಗೆ ಕಣ್ಣು ಅಗಲಿಸಿ ಪ್ರಯೋಜನವಿಲ್ಲ.

ನಿಮ್ಮ ದಾರಿಯನ್ನೇ ತೆಗೆದುಕೊಳ್ಳಿ. ಜನವರಿಯಲ್ಲಿ ಇಲ್ಲಿ ಸೂರ್ಯ ಹುಟ್ಟುವುದು 6.45ರ ಸುಮಾರಿಗೆ, ಮೇ ಕೊನೆಯಲ್ಲಿ 5.50ರ ಆಚೀಚೆ. ಅಂದರೆ ಚಳಿಗಾಲದಲ್ಲಿ ಬಳ್ಳಾರಿ ರಸ್ತೆಯ ಬಹುಭಾಗ ನಿಮಗೆ ಕತ್ತಲೇ. ಆ ಹೊತ್ತಿನಲ್ಲಿ ಕನ್ನಡಕ ಜೇಬಿನಲ್ಲಿದ್ದರೆ ಲಾರಿ ಎಬ್ಬಿಸಿದ ಮರಳು, ಹುಳ ಎಲ್ಲ ನೇರ ಕಣ್ಣಿಗೆ. ಎರಡು ದಾರಿಗಳಿವೆ.

ಮೊದಲನೆಯದು ಲೆನ್ಸ್ ಬದಲಿಸುವ ಫ್ರೇಮ್: ಒಂದು ಪಾರದರ್ಶಕ ಲೆನ್ಸ್, ಇನ್ನೊಂದು ಕ್ಯಾಟಗರಿ 2ರ ಗುಲಾಬಿ ಅಥವಾ ಕಂದು ಛಾಯೆಯದು. ಬೂದು ಡಾಂಬರಿನ ಮೇಲೆ ಬಿರುಕು, ಏರುತಗ್ಗುಗಳನ್ನು ಈ ಛಾಯೆಗಳು ಎದ್ದು ಕಾಣಿಸುತ್ತವೆ. ಬೂದು ಲೆನ್ಸ್ ಬಣ್ಣಗಳನ್ನು ಇದ್ದಂತೆ ತೋರಿಸುತ್ತದೆ, ಅಷ್ಟೇ. ಬೆಟ್ಟದ ಬುಡದಲ್ಲಿ ಟೀ ಕುಡಿಯಲು ನಿಂತಾಗ ಲೆನ್ಸ್ ಬದಲಿಸಿದರಾಯಿತು. ಕೊಳ್ಳುವ ಮುನ್ನ ಅಂಗಡಿಯಲ್ಲೇ ಎರಡು ಸಲ ಬಿಚ್ಚಿ ಹಾಕಿ ನೋಡಿ. ಕೆಲವು ಫ್ರೇಮ್‌ಗಳಲ್ಲಿ ಲೆನ್ಸಿನ ಮೇಲೆಲ್ಲ ಹೆಬ್ಬೆರಳ ಗುರುತು ಬೀಳದೆ ಅದು ಕಳಚುವುದೇ ಇಲ್ಲ.

ಎರಡನೆಯದು ಫೋಟೋಕ್ರೋಮಿಕ್, ಅಂದರೆ ಬಿಸಿಲಿಗೆ ತಾನೇ ಕಪ್ಪಾಗುವ ಲೆನ್ಸ್. ‘0–3’ ಅಥವಾ ‘1–3’ ಎಂದು ಬರೆದಿರುವುದನ್ನು ಕೊಳ್ಳಿ. ‘2–3’ ನಿಮ್ಮ ಬೆಳಗಿನ ಜಾವಕ್ಕೆ ನಿಷ್ಪ್ರಯೋಜಕ, ಅದರ ಅತಿ ತಿಳಿಯಾದ ಸ್ಥಿತಿಯೇ ಕತ್ತಲೆ. ಇದರ ಕುಂದನ್ನೂ ತಿಳಿದಿರಿ. ಕಪ್ಪಾಗಲು ಒಂದು ನಿಮಿಷದೊಳಗೆ ಸಾಕು, ಮತ್ತೆ ತಿಳಿಯಾಗಲು ಹಲವು ನಿಮಿಷ ಬೇಕು. ಗಂಟೆಗೆ 30 ಕಿ.ಮೀ. ವೇಗದಲ್ಲಿ 150 ಮೀಟರ್ ಉದ್ದದ ಅಂಡರ್‌ಪಾಸನ್ನು ನೀವು 18 ಸೆಕೆಂಡಿನಲ್ಲಿ ದಾಟುತ್ತೀರಿ. ಅಷ್ಟರಲ್ಲಿ ಅದು ತಿಳಿಯಾಗುವ ಮಾತೇ ಇಲ್ಲ. ಮೇಖ್ರಿ ಸರ್ಕಲ್ ಅಂಡರ್‌ಪಾಸಿಗೆ ಬಿಸಿಲಿನಿಂದ ನುಗ್ಗುವ ಮುಂಚೆ ವೇಗ ತಗ್ಗಿಸಿ, ಕನ್ನಡಕವನ್ನು ಮೂಗಿನ ಮೇಲೆ ಸ್ವಲ್ಪ ಕೆಳಗೆಳೆದು ಮೇಲಿನಿಂದ ನೋಡುವುದೇ ಉಪಾಯ. ಬೆಟ್ಟ ಇಳಿಯುವಾಗಲೂ ಇದೇ ತೊಂದರೆ: ತಿರುವಿನಲ್ಲಿ ಎಲೆಗಳ ಸಂದಿಯಿಂದ ಬಿದ್ದ ಬಿಸಿಲ ಚುಕ್ಕಿಗಳ ನಡುವೆ ಉದುರು ಜಲ್ಲಿ ಬೆರೆತುಹೋಗಿರುತ್ತದೆ. ಅಲ್ಲಿಗೆ ಕ್ಯಾಟಗರಿ 3ಕ್ಕಿಂತ 2ರ ಲೆನ್ಸೇ ಮೇಲು.

ಪ್ರಶ್ನೆ: ಎಡಗಣ್ಣಿಗೆ −4.00, ಬಲಗಣ್ಣಿಗೆ −4.25 ಇದೆ. ಕಿವಿಯವರೆಗೂ ಬಾಗಿದ ಸ್ಪೋರ್ಟ್ಸ್ ಫ್ರೇಮಿಗೆ ಪವರ್ ಹಾಕಿಸಿದೆ. ಹಾಕಿಕೊಂಡರೆ ರಸ್ತೆ ವಾಲಿದಂತೆ ಕಾಣುತ್ತದೆ, ಅರ್ಧ ಗಂಟೆಗೆ ತಲೆನೋವು. ಅಂಗಡಿಯವರು ‘ಹಾಕ್ತಾ ಹಾಕ್ತಾ ಅಭ್ಯಾಸ ಆಗುತ್ತೆ’ ಅನ್ನುತ್ತಾರೆ. ಹೌದೇ?
— ಓದುಗರು, ಬಸವನಗುಡಿ

ಉತ್ತರ: ಮೂರ್ನಾಲ್ಕು ದಿನಕ್ಕೆ ಸರಿಹೋಗದಿದ್ದರೆ ಅದು ಅಭ್ಯಾಸದ ಮಾತಲ್ಲ, ಲೆನ್ಸ್ ಮಾಡಿರುವುದೇ ತಪ್ಪಿರಬಹುದು. ಇಂಥ ಫ್ರೇಮಿನಲ್ಲಿ ಎರಡು ತಪ್ಪುಗಳು ಪದೇಪದೇ ಆಗುತ್ತವೆ.

ಮೊದಲನೆಯದು ಬಾಗಿನ ಲೆಕ್ಕ. ದಿನಬಳಕೆಯ ಕನ್ನಡಕದಲ್ಲಿ ಲೆನ್ಸ್ ಮುಖಕ್ಕೆ ಹೆಚ್ಚುಕಡಿಮೆ ನೇರವಾಗಿರುತ್ತದೆ. ಸ್ಪೋರ್ಟ್ಸ್ ಫ್ರೇಮಿನಲ್ಲಿ ಅದು 15ರಿಂದ 25 ಡಿಗ್ರಿ ಪಕ್ಕಕ್ಕೆ ತಿರುಗಿರುತ್ತದೆ. ಪವರ್ ಇರುವ ಲೆನ್ಸನ್ನು ಹೀಗೆ ತಿರುಗಿಸಿದರೆ ಪವರೇ ಬದಲಾಗುತ್ತದೆ. ಪಾಲಿಕಾರ್ಬೊನೇಟಿನ −4.00 ಲೆನ್ಸ್ 20 ಡಿಗ್ರಿ ತಿರುಗಿದಾಗ ನಿಮ್ಮ ಕಣ್ಣಿಗೆ ಸುಮಾರು −4.15 ಆಗಿ ಕೆಲಸ ಮಾಡುತ್ತದೆ, ಜೊತೆಗೆ ನಿಮಗೆ ಬೇಡದ −0.50ಕ್ಕೂ ಚೂರು ಹೆಚ್ಚಿನ ಸಿಲಿಂಡರ್ ಪವರ್ (ಒಂದೇ ದಿಕ್ಕಿನಲ್ಲಿ ಕೆಲಸ ಮಾಡುವ ಪವರ್) ಅಂಟಿಕೊಳ್ಳುತ್ತದೆ. ಈ ವ್ಯತ್ಯಾಸವನ್ನು ಮುಂಚೆಯೇ ಕಳೆದು ಲೆನ್ಸ್ ಕೊರೆಯಬೇಕು. ಹಾಗೆ ಮಾಡುವ ಲ್ಯಾಬ್ ಎರಡು ಅಂಕಿ ಕೊಡುತ್ತದೆ: ನಿಮ್ಮ ಚೀಟಿಯ ಪವರ್ ಒಂದು, ಬಾಗಿಗೆ ಸರಿಹೊಂದಿಸಿದ ಪವರ್ ಇನ್ನೊಂದು. ಅಂಗಡಿಯವರ ಹತ್ತಿರ ಆ ಎರಡನೆಯ ಅಂಕಿ ಕೇಳಿ. ಪವರ್ ಅಳೆಯುವ ಲೆನ್ಸೋಮೀಟರಿನಲ್ಲಿ ಇಟ್ಟಾಗ ಚೀಟಿಯಲ್ಲಿದ್ದ −4.00 ಯಥಾವತ್ತಾಗಿ ಬಂದರೆ ಖುಷಿಪಡಬೇಡಿ. ಇಂಥ ಫ್ರೇಮಿನ ಮಟ್ಟಿಗೆ ಅದು ಬಾಗಿನ ಲೆಕ್ಕ ಹಾಕಿಲ್ಲ ಅನ್ನುವುದರ ಸುಳಿವು.

ಎರಡನೆಯದು ಪಿ.ಡಿ., ಅಂದರೆ ಎರಡು ಕಣ್ಣುಪಾಪೆಗಳ ನಡುವಿನ ಅಂತರ. ಲೆನ್ಸಿನ ಆಪ್ಟಿಕಲ್ ನಡುಬಿಂದು ಪಾಪೆಯ ಎದುರಿಗೇ ಬರಬೇಕು. ಸ್ಪೋರ್ಟ್ಸ್ ಫ್ರೇಮ್ ಅಗಲ. ಕಡ್ಡಿಯ ಮೇಲೆ 64–18 ಎಂದಿದ್ದರೆ ಲೆನ್ಸ್ ಅಗಲ 64 ಮಿ.ಮೀ., ಮೂಗಿನ ಸೇತುವೆ 18 ಮಿ.ಮೀ.; ಎರಡು ಲೆನ್ಸಿನ ನಡುಗಳ ಅಂತರ 82. ನಿಮ್ಮ ಪಿ.ಡಿ. 64 ಅಂದುಕೊಳ್ಳಿ. ಆಗ ಒಂದೊಂದು ಕಣ್ಣಿಗೂ 9 ಮಿ.ಮೀ. ಒಳಕ್ಕೆ ಸರಿಸಬೇಕು. ಸರಿಸದೆ ಬಿಟ್ಟರೆ? ಪವರನ್ನು ಸೆಂಟಿಮೀಟರಿನಲ್ಲಿ ತಪ್ಪಿದ ದೂರದಿಂದ ಗುಣಿಸಿ: 4 × 0.9 = 3.6. ಪ್ರತಿ ಕಣ್ಣಿಗೂ 3.6 ಪ್ರಿಸಂ, ಅಂದರೆ ಕಾಣುವ ನೋಟ ಅಷ್ಟು ಪಕ್ಕಕ್ಕೆ ಸರಿಯುತ್ತದೆ! ಕಣ್ಣಿನ ಸ್ನಾಯುಗಳು ಅದನ್ನು ಸರಿದೂಗಿಸಲು ಹೆಣಗುತ್ತವೆ, ಅದೇ ನಿಮ್ಮ ತಲೆನೋವು. ಪಿ.ಡಿ.ಯನ್ನು ಎರಡು ಕಣ್ಣಿಗೂ ಬೇರೆಬೇರೆಯಾಗಿ, ಮೂಗಿನ ನಡುವಿನಿಂದ ಅಳೆಸಿ. 31 ಮತ್ತು 33 ಇರುವವರು ನಮ್ಮಲ್ಲಿ ಬೇಕಾದಷ್ಟು.

ಲೆನ್ಸಿನ ವಸ್ತು ಯಾವುದಿರಬೇಕು ಅಂದರೆ, ಪಾಲಿಕಾರ್ಬೊನೇಟ್ (1.59) ಇಲ್ಲವೇ ಟ್ರೈವೆಕ್ಸ್ (1.53). ಆವರಣದಲ್ಲಿರುವುದು ವಕ್ರೀಭವನ ಸೂಚ್ಯಂಕ, ಅದು ಹೆಚ್ಚಿದಷ್ಟೂ ಲೆನ್ಸ್ ತೆಳು. ಪೆಟ್ಟು ಬಿದ್ದರೂ ಒಡೆದು ಚೂರಾಗದ ಗುಣ ಇವೆರಡರಲ್ಲೇ ಚೆನ್ನಾಗಿರುವುದು. ಟ್ರೈವೆಕ್ಸಿನಲ್ಲಿ ಪಕ್ಕದ ನೋಟ ಹೆಚ್ಚು ಶುದ್ಧ, ಆದರೆ ಅಂಚು ದಪ್ಪ. ಪಾಲಿಕಾರ್ಬೊನೇಟಿನಲ್ಲಿ ಓರೆಯಾಗಿ ನೋಡಿದಾಗ ದೀಪದ ಸುತ್ತ ಬಣ್ಣದ ಗೆರೆ ಕಾಣಬಹುದು. ತೆಳ್ಳಗಿರಲಿ ಎಂದು 1.74 ಹಾಕಿಸಿದರೆ ಪೆಟ್ಟು ತಡೆಯುವ ಶಕ್ತಿಯನ್ನು ಬಿಟ್ಟುಕೊಟ್ಟಂತೆ. ಗಾಜಂತೂ ಸೈಕಲ್ ಮೇಲೆ ಬೇಡವೇ ಬೇಡ.

ನಿಮ್ಮದು −4ರ ಗಡಿಯಲ್ಲಿದೆ. ಹೆಚ್ಚು ಬಾಗಿದ ಫ್ರೇಮಿಗೆ ನೇರವಾಗಿ ಪವರ್ ಹಾಕಲು ಹಲವು ತಯಾರಕರು ಇಲ್ಲಿಗೇ ನಿಲ್ಲಿಸುತ್ತಾರೆ. ಕಡಿಮೆ ಬಾಗಿರುವ ಫ್ರೇಮಿಗೆ ಹೋಗಿ, ಇಲ್ಲವೇ ಒಳಗೆ ಸಿಕ್ಕಿಸುವ ಪವರ್ ಕ್ಲಿಪ್ ನೋಡಿ. ಕ್ಲಿಪ್ಪಿನ ಲೆನ್ಸ್ ಹೆಚ್ಚು ಬಾಗಿರುವುದಿಲ್ಲ, ನೋಟ ನೆಟ್ಟಗಿರುತ್ತದೆ. ಮುಂದಿನ ಲೆನ್ಸನ್ನು ಕಪ್ಪು, ಪಾರದರ್ಶಕ ಯಾವುದಕ್ಕೆ ಬದಲಿಸಿದರೂ ಪವರ್ ಹಾಗೇ ಉಳಿಯುತ್ತದೆ, ಖರ್ಚೂ ಕಡಿಮೆ. ರೆಪ್ಪೆಗೂದಲು ಉದ್ದವಿದ್ದರೆ ಮಾತ್ರ ಕಷ್ಟ: ಪ್ರತಿ ಸಲ ಕಣ್ಣು ಮಿಟುಕಿಸಿದಾಗಲೂ ತಾಗುತ್ತದೆ. ಒರೆಸಬೇಕಾದ ಮೈಗಳು ಎರಡರಿಂದ ನಾಲ್ಕಾಗುತ್ತವೆ, ಆವಿಯೂ ಬೇಗ ಕಟ್ಟುತ್ತದೆ.

ಪ್ರಶ್ನೆ: ವಯಸ್ಸು 52. ದೂರದ್ದು ಚೆನ್ನಾಗಿ ಕಾಣುತ್ತದೆ, ಓದಲು +2.00 ಚಾಳೀಸು ಬೇಕು. ಹ್ಯಾಂಡಲ್ ಮೇಲಿನ ಸೈಕಲ್ ಕಂಪ್ಯೂಟರಿನ ಅಂಕಿಗಳು ಮಸುಕು. ಪ್ರೋಗ್ರೆಸಿವ್ (ದೂರಕ್ಕೂ ಹತ್ತಿರಕ್ಕೂ ಒಂದೇ ಲೆನ್ಸ್) ಹಾಕಿಸಲೇ?
— ಓದುಗರು, ಜಯನಗರ 4ನೇ ಬ್ಲಾಕ್

ಉತ್ತರ: ಮೊದಲು ಖರ್ಚಿಲ್ಲದ್ದು ಮಾಡಿ: ಪರದೆಯಲ್ಲಿ ಎಂಟು ಅಂಕಿಗಳ ಬದಲು ಮೂರೇ ಇಡಿ, ದಪ್ಪಗಾಗುತ್ತವೆ. ಅರ್ಧ ಜನಕ್ಕೆ ಇಷ್ಟರಲ್ಲೇ ಮುಗಿಯುತ್ತದೆ.

ಮುಗಿಯದಿದ್ದರೆ, ಓದುವ +2.00ಅನ್ನೇ ಸೈಕಲ್ಲಿಗೂ ಹಾಕಿಸಬೇಡಿ. +2.00 ಲೆನ್ಸಿನಲ್ಲಿ ಸ್ಪಷ್ಟವಾಗಿ ಕಾಣುವ ಅತಿ ದೂರ ಅರ್ಧ ಮೀಟರ್. ಕಣ್ಣಿನಿಂದ ಹ್ಯಾಂಡಲ್ 60–65 ಸೆಂ.ಮೀ. ದೂರವಿರುತ್ತದೆ, ಅಂದರೆ ಆ ಗಡಿಯ ಆಚೆಗೆ. ನಿಮಗೆ +1.25 ಅಥವಾ +1.50 ಸಾಕು. ನೀರು ಸವರಿ ಅಂಟಿಸುವ ಅರ್ಧಚಂದ್ರಾಕಾರದ ಮೆತ್ತನೆಯ ಲೆನ್ಸ್ ಸಿಗುತ್ತದೆ, ಪವರ್ ಇಲ್ಲದ ಯಾವ ಸ್ಪೋರ್ಟ್ಸ್ ಗ್ಲಾಸಿಗೂ ಹಿಡಿಯುತ್ತದೆ. ಸೈಕಲ್ಲನ್ನು ಗೋಡೆಗೆ ಒರಗಿಸಿ, ಹತ್ತಿ ಕೂತು, ಹ್ಯಾಂಡಲ್ ಹಿಡಿದು ಕಣ್ಣನ್ನಷ್ಟೇ ಕೆಳಗಿಳಿಸಿ ಕಂಪ್ಯೂಟರ್ ನೋಡಿ. ಎದುರಿಗೆ ನಿಂತವರು ಪಾಪೆ ಇರುವ ಜಾಗಕ್ಕೆ ಲೆನ್ಸಿನ ಹೊರಗಡೆ ಸ್ಕೆಚ್ ಪೆನ್ನಿನಿಂದ ಚುಕ್ಕಿ ಇಡಲಿ. ಅರ್ಧಚಂದ್ರದ ಮೇಲಂಚು ಆ ಚುಕ್ಕಿಗಿಂತ ಎರಡು ಮಿ.ಮೀ. ಮೇಲೆ ಬಂದರೆ ಸಾಕು. ಒಳಮೈಯನ್ನು ಸೋಪಿನಿಂದ ತೊಳೆದು, ಒದ್ದೆ ಇರುವಾಗಲೇ ಅಂಟಿಸಿ, ಗುಳ್ಳೆಗಳನ್ನು ಬೆರಳಿನಿಂದ ಹೊರದೂಡಿ ಒಂದು ದಿನ ಒಣಗಲು ಬಿಡಿ. ಇದನ್ನು ಹಾಕಿಕೊಂಡು ಮೆಟ್ಟಿಲು ಇಳಿಯುವಾಗ ಹುಷಾರು, ಪಾದದ ಹತ್ತಿರ ಮಸುಕಾಗಿ ಕಾಣುತ್ತದೆ.

ಪ್ರೋಗ್ರೆಸಿವ್ ಬೇಕಾಗುವುದು ದೂರಕ್ಕೂ ಪವರ್ ಇರುವವರಿಗೆ. ಹಾಕಿಸುವುದಾದರೆ ಎತ್ತರದ ಅಳತೆಯನ್ನು ನಿಂತು ಕೊಡಬೇಡಿ, ಸವಾರಿಯ ಭಂಗಿಯಲ್ಲಿ ಬಗ್ಗಿ ಕೊಡಿ.

ಪ್ರಶ್ನೆ: ಪೋಲರೈಸ್ಡ್ ಗ್ಲಾಸ್ ತೆಗೆದುಕೊಂಡರೆ ಒಳ್ಳೆಯದಂತೆ?
— ಓದುಗರು, ವೈಟ್‌ಫೀಲ್ಡ್

ಉತ್ತರ: ಕೆರೆಯಲ್ಲಿ ಮೀನು ಹಿಡಿಯುವವರಿಗೆ ಒಳ್ಳೆಯದು. ಅದು ತಡೆಯುವುದು ಮಟ್ಟಸವಾದ ಮೈಯಿಂದ ಚಿಮ್ಮುವ ಹೊಳಪನ್ನು. ರಸ್ತೆಯ ಮೇಲೆ ನಮಗೆ ಆ ಹೊಳಪೇ ಬೇಕು: ನೀರು ನಿಂತಿದೆ, ಆಯಿಲ್ ಚೆಲ್ಲಿದೆ ಎಂದು ಎಚ್ಚರಿಸುವುದು ಅದೇ. ಇನ್ನೊಂದು ತೊಡಕು, ಕೆಲವು ಸೈಕಲ್ ಕಂಪ್ಯೂಟರ್ ಮತ್ತು ಮೊಬೈಲ್ ಪರದೆಗಳು ಒಂದು ಕೋನದಲ್ಲಿ ಪೂರಾ ಕಪ್ಪಾಗುತ್ತವೆ. ಈಗಾಗಲೇ ಕೊಂಡಿದ್ದರೆ ಮೊಬೈಲನ್ನು ಎದುರಿಗೆ ಹಿಡಿದು ನಿಧಾನ ತಿರುಗಿಸಿ ನೋಡಿ, ಗೊತ್ತಾಗುತ್ತದೆ.

ಪ್ರಶ್ನೆ: ಹಳೆ ಮದ್ರಾಸ್ ರಸ್ತೆಯಲ್ಲಿ ಹೊಸಕೋಟೆ ಕಡೆ ಬೆಳಗ್ಗೆ ಹೋಗುವಾಗ ಸೂರ್ಯ ನೇರ ಕಣ್ಣಿಗೆ ಹೊಡೆಯುತ್ತಾನೆ. ಇನ್ನೂ ಕಪ್ಪು ಲೆನ್ಸ್ ತೆಗೆದುಕೊಳ್ಳಲೇ?
— ಓದುಗರು, ಕೆ.ಆರ್. ಪುರ

ಉತ್ತರ: ಬೇಡ. ಸೂರ್ಯ ತಗ್ಗಿನಲ್ಲಿರುವಾಗ ರಸ್ತೆಯ ಮೇಲಿನ ಬೆಳಕು ಇನ್ನೂ ಮಂದ. ಕಪ್ಪು ಲೆನ್ಸ್ ಎರಡನ್ನೂ ಒಟ್ಟಿಗೆ ಕಪ್ಪು ಮಾಡುತ್ತದೆ. ಹೆಲ್ಮೆಟ್ ಒಳಗೆ ಹಾಕುವ ಮುಂದೆ ಚಾಚಿದ ಅಂಚಿರುವ ತೆಳು ಸೈಕ್ಲಿಂಗ್ ಟೋಪಿ ಹಾಕಿ, ತಲೆ ಒಂದಿಷ್ಟು ಬಗ್ಗಿಸಿದರೆ ಸೂರ್ಯ ಮರೆಯಾಗುತ್ತಾನೆ, ರಸ್ತೆ ಉಳಿಯುತ್ತದೆ. ನಿಮಗಿಂತ ಹೆಚ್ಚು ಕಣ್ಣು ಕುಕ್ಕುವುದು ಹಿಂದಿನಿಂದ ಬರುವ ಲಾರಿಯವನಿಗೆ, ಅದನ್ನು ಮರೆಯಬೇಡಿ. ಹಗಲಾದರೂ ಹಿಂದಿನ ಕೆಂಪು ದೀಪ ಉರಿಯುತ್ತಿರಲಿ.

ಪ್ರಶ್ನೆ: ಓಡಿಸುವಾಗ ಸರಿ ಇರುತ್ತದೆ, ಸಿಗ್ನಲ್ಲಿನಲ್ಲಿ ನಿಂತ ಕೂಡಲೇ ಲೆನ್ಸ್ ಪೂರ್ತಿ ಆವಿ. ಟೂತ್‌ಪೇಸ್ಟ್ ಹಚ್ಚಿದರೆ ಕಟ್ಟುವುದಿಲ್ಲ ಅಂತ ಯಾರೋ ಹೇಳಿದರು.
— ಓದುಗರು, ರಾಜಾಜಿನಗರ

ಉತ್ತರ: ಟೂತ್‌ಪೇಸ್ಟಿನಲ್ಲಿ ಉಜ್ಜುವ ಪುಡಿ ಇರುತ್ತದೆ. ಹಲ್ಲಿಗೆ ಸರಿ, ಪಾಲಿಕಾರ್ಬೊನೇಟಿಗೆ ಅದು ಉಪ್ಪುಕಾಗದ. ದಯವಿಟ್ಟು ಬೇಡ.

ಆವಿ ಕಟ್ಟುವುದು ಮುಖದ ಬಿಸಿ, ತೇವದ ಗಾಳಿ ತಣ್ಣನೆಯ ಲೆನ್ಸಿಗೆ ತಾಗಿದಾಗ. ಓಡುವಾಗ ಗಾಳಿ ಅದನ್ನು ಒಯ್ಯುತ್ತದೆ, ನಿಂತಾಗ ಒಯ್ಯುವವರಿಲ್ಲ. ಕೆನ್ನೆ ಮತ್ತು ಲೆನ್ಸಿನ ಕೆಳಂಚಿನ ನಡುವೆ 2–3 ಮಿ.ಮೀ. ಸಂದಿ ಬೇಕು. ಕನ್ನಡಿ ಮುಂದೆ ಹಲ್ಲು ಬಿಟ್ಟು ನಗಿ. ಕೆನ್ನೆ ಫ್ರೇಮನ್ನು ಮೇಲೆತ್ತಿದರೆ ಸಂದಿ ಸಾಲದು, ಮೂಗಿನ ರಬ್ಬರ್ ಪ್ಯಾಡನ್ನು ಬಗ್ಗಿಸಿ ಫ್ರೇಮನ್ನು ಮುಂದಕ್ಕೆ ತನ್ನಿ. ಧೂಳಿಗೆಂದು ಮೂಗಿನ ಮೇಲೆ ಬಟ್ಟೆ ಕಟ್ಟುವವರಿಗೆ ಆವಿ ಹೆಚ್ಚು: ಉಸಿರು ನೇರ ಮೇಲಕ್ಕೆ ನುಗ್ಗುತ್ತದೆ. ಸಿಗ್ನಲ್ ಬಂದಾಗ ಬಟ್ಟೆಯನ್ನು ಗದ್ದಕ್ಕೆ ಇಳಿಸಿ, ಕನ್ನಡಕವನ್ನು ಒಂದು ಸೆಂ.ಮೀ. ಮುಂದಕ್ಕೆಳೆಯಿರಿ. ನಂದಿಯ ಏರಿನಲ್ಲಿ ಹೇಗೂ ವೇಗ ಇರುವುದಿಲ್ಲ, ಬೆವರು ಮಾತ್ರ ಇರುತ್ತದೆ. ಅಲ್ಲಿ ಕನ್ನಡಕ ತೆಗೆದು ಹೆಲ್ಮೆಟಿನ ಗಾಳಿಕಿಂಡಿಗೆ ಸಿಕ್ಕಿಸಿ, ಇಳಿಯುವ ಮುಂಚೆ ಮರೆಯದೆ ಹಾಕಿಕೊಳ್ಳಿ.

ಪ್ರಶ್ನೆ: ಸ್ಪೋರ್ಟ್ಸ್ ಗ್ಲಾಸ್ ಅಂಗಡಿಯಲ್ಲಿ ಚೆನ್ನಾಗಿತ್ತು, ಸೈಕಲ್ ಹತ್ತಿದರೆ ಮೇಲಿನ ಫ್ರೇಮ್ ರಸ್ತೆಗೇ ಅಡ್ಡ ಬರುತ್ತದೆ, ಮೂಗಿನಿಂದಲೂ ಜಾರುತ್ತದೆ.
— ಓದುಗರು, ಹೆಸರಘಟ್ಟ

ಉತ್ತರ: ನೆಟ್ಟಗೆ ನಿಂತು ನೋಡಿ ಕೊಂಡಿದ್ದೀರಿ. ಹ್ಯಾಂಡಲಿನ ಡ್ರಾಪ್ಸ್ (ಕೆಳಕ್ಕೆ ಬಾಗಿದ ಭಾಗ) ಹಿಡಿದಾಗ ತಲೆ ಬಗ್ಗುತ್ತದೆ, ಕಣ್ಣು ಲೆನ್ಸಿನ ಮೇಲ್ತುದಿಯಿಂದ ನೋಡುತ್ತದೆ. ಮುಂದಿನ ಸಲ ಹೆಲ್ಮೆಟ್ ಒಯ್ಯಿರಿ. ಅಂಗಡಿಯಲ್ಲಿ ಸ್ಟೂಲಿನ ಮೇಲೆ ಕೂತು, ಎದುರಿನ ಮೇಜಿನಂಚನ್ನು ಹ್ಯಾಂಡಲಿನಂತೆ ಹಿಡಿದು ಬಗ್ಗಿ, ಗದ್ದ ಎತ್ತದೆ ಕಣ್ಣೆತ್ತಿ ಬಾಗಿಲಾಚೆ ನೋಡಿ. ಮೇಲಂಚು ಕಂಡರೆ ಆ ಫ್ರೇಮ್ ಬೇಡ. ಮೇಲ್ಗಡೆ ಪಟ್ಟಿಯಿಲ್ಲದ, ಎತ್ತರದ ಲೆನ್ಸ್ ನೋಡಿ. ಹಾಗೇ ತಲೆ ಜೋರಾಗಿ ಅಲ್ಲಾಡಿಸಿ. ಜಾರಿದರೆ ಮೂಗಿನ ಸೇತುವೆ ನಿಮಗೆ ಅಗಲ. ಕಿರುಮೂಗಿಗೆಂದೇ ಮಾಡಿದ ಫ್ರೇಮ್‌ಗಳಿವೆ. ಕಡ್ಡಿಗಳು ಹೆಲ್ಮೆಟ್ ಪಟ್ಟಿಯ ಹೊರಗೆ ಇರಲಿ: ಬಿದ್ದಾಗ ಕನ್ನಡಕ ಸಲೀಸಾಗಿ ಕಳಚಿಕೊಳ್ಳುತ್ತದೆ.

ಪ್ರಶ್ನೆ: ಫುಟ್‌ಪಾತ್‌ನಲ್ಲಿ 200 ರೂಪಾಯಿಗೆ ‘ಯುವಿ 400’ ಅಂತ ಬರೆದಿರುವುದು ಸಿಗುತ್ತದೆ. ಅದು ಸಾಲದೇ? ರಾತ್ರಿಗೆ ಹಳದಿ ಗ್ಲಾಸ್ ಒಳ್ಳೆಯದೇ?
— ಓದುಗರು, ಪೀಣ್ಯ

ಉತ್ತರ: ಸ್ಟಿಕರನ್ನು ನಂಬಬೇಡಿ, ಅಳೆಸಿ. ಯುವಿ ಮೀಟರ್ ಇರುವ ಕನ್ನಡಕದಂಗಡಿಯಲ್ಲಿ ಒಂದು ನಿಮಿಷದ ಕೆಲಸ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್ ಮೇಲಿದೆ. ಮಾರ್ಚ್–ಏಪ್ರಿಲ್ ನಡುಹಗಲಲ್ಲಿ ಯುವಿ ಸೂಚ್ಯಂಕ 11 ದಾಟುತ್ತದೆ. ಯುವಿ ತಡೆಯದ ಕಪ್ಪು ಲೆನ್ಸ್ ಬರಿಗಣ್ಣಿಗಿಂತ ಕೆಟ್ಟದ್ದು, ಏಕೆಂದರೆ ಕತ್ತಲೆಂದು ಪಾಪೆ ಹಿಗ್ಗಿ ಇನ್ನಷ್ಟನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ಪಾಲಿಕಾರ್ಬೊನೇಟ್ ಬಣ್ಣವಿಲ್ಲದಿದ್ದರೂ ಯುವಿಯನ್ನು ಬಹುಪಾಲು ತಡೆಯುತ್ತದೆ. ಇನ್ನೊಂದು ಪರೀಕ್ಷೆ ನೀವೇ ಮಾಡಬಹುದು: ಪವರ್ ಇಲ್ಲದ ಗ್ಲಾಸನ್ನು ತೋಳಿನಷ್ಟು ದೂರ ಹಿಡಿದು ಅದರ ಮೂಲಕ ಕಿಟಕಿಯ ಸರಳುಗಳನ್ನು ನೋಡುತ್ತ ಆಚೀಚೆ ಸರಿಸಿ. ಸರಳು ಹಾವಿನಂತೆ ಹೊರಳಿದರೆ ವಾಪಸ್ ಕೊಡಿ.

ರಾತ್ರಿಗೆ ಹಳದಿ ಬೇಡ, ಇರುವ ಬೆಳಕನ್ನೂ ಅದು ಕದಿಯುತ್ತದೆ. ಮೋಡ ಕವಿದ ಜುಲೈ ಹಗಲಿಗೆ ಸರಿ. ರಾತ್ರಿಗೆ ಪಾರದರ್ಶಕ ಲೆನ್ಸ್. ಮೊದಲ ಮಳೆಯ ಸಂಜೆ ಬೀದಿದೀಪದ ಕೆಳಗೆ ಈಸಲು ಹುಳ ಏಳುವಾಗ ಅದರ ಬೆಲೆ ತಿಳಿಯುತ್ತದೆ.

ಪ್ರಶ್ನೆ: ಕಾಂಟ್ಯಾಕ್ಟ್ ಲೆನ್ಸ್ ಹಾಕಿಕೊಂಡು ಸೈಕಲ್ ಓಡಿಸಬಹುದೇ? ಮೈಸೂರು ರಸ್ತೆಯ ಧೂಳಿನದೇ ಚಿಂತೆ.
— ಓದುಗರು, ಕೆಂಗೇರಿ

ಉತ್ತರ: ಓಡಿಸಬಹುದು. ಪವರ್ ಹೆಚ್ಚಿರುವವರಿಗೆ ಬಾಗಿದ ಫ್ರೇಮಿನ ಎಲ್ಲ ರಗಳೆ ತಪ್ಪುತ್ತದೆ. ಒಂದು ದಿನಕ್ಕೆ ಹಾಕಿ ಎಸೆಯುವ ಲೆನ್ಸ್ ಆರಿಸಿ, ಮೇಲೆ ಮುಖಕ್ಕೆ ಒತ್ತಿ ಕೂರುವ ಗ್ಲಾಸ್ ಕಡ್ಡಾಯ. ಧೂಳು ಹೊಕ್ಕು ಚುಚ್ಚಿದರೆ ಉಜ್ಜಬೇಡಿ, ಬಾಟಲಿ ನೀರಿನಲ್ಲಿ ತೊಳೆದು ಮತ್ತೆ ಹಾಕಲೂ ಬೇಡಿ. ಬಾಟಲಿಗೆ ತುಂಬಿದ ನಲ್ಲಿ ನೀರಿನ ಸೂಕ್ಷ್ಮಜೀವಿಗಳಿಂದ ಕಣ್ಣಿನ ಕರಿಗುಡ್ಡೆಗೆ ವಾಸಿಯಾಗಲು ತಿಂಗಳುಗಳೇ ಹಿಡಿಯುವ ಸೋಂಕು ತಗಲಬಹುದು. ಕೈ ಶುಚಿ ಮಾಡಿಕೊಂಡು ತೆಗೆದು ಎಸೆಯಿರಿ. ಜೇಬಿನಲ್ಲಿ ಒಂದು ಜೊತೆ ಹೊಸ ಲೆನ್ಸ್, ಸ್ಯಾಡಲ್ ಚೀಲದಲ್ಲಿ ಹಳೆಯ ಪವರ್ ಕನ್ನಡಕ ಇರಲಿ. ಕೆಂಪು, ನೋವು ಮರುದಿನವೂ ಇದ್ದರೆ ಕಣ್ಣಿನ ಡಾಕ್ಟರ ಹತ್ತಿರ ಹೋಗಿ.

ಪ್ರಶ್ನೆ: ಆರು ತಿಂಗಳಿಗೇ ಲೆನ್ಸಿನ ತುಂಬ ಗೀರು, ಮೇಲಿನ ಪದರ ಸಿಪ್ಪೆ ಏಳುತ್ತಿದೆ. ಜರ್ಸಿಯಲ್ಲೇ ಒರೆಸುತ್ತೇನೆ.
— ಓದುಗರು, ಕನಕಪುರ ರಸ್ತೆ

ಉತ್ತರ: ಕಾರಣವನ್ನು ನೀವೇ ಬರೆದಿದ್ದೀರಿ. ಒಣ ಧೂಳಿನ ಮೇಲೆ ಬಟ್ಟೆ ಎಳೆದರೆ ಮರಳು ಗೀರುತ್ತದೆ. ದಾರಿಯಲ್ಲಿ ಕೆಸರು ಹಾರಿದರೆ ಬಾಟಲಿಯಿಂದ ಬರೀ ನೀರು ಚಿಮ್ಮಿಸಿ (ಎಲೆಕ್ಟ್ರೊಲೈಟ್ ಬೆರೆಸಿದ್ದು ಬೇಡ, ಅಂಟಾಗುತ್ತದೆ). ಮನೆಗೆ ಬಂದ ಮೇಲೆ ಮೊದಲು ನಲ್ಲಿ ಕೆಳಗೆ ಹಿಡಿದು ಧೂಳು ಹೋಗಲು ಬಿಡಿ. ಆಮೇಲೆ ಪಾತ್ರೆ ತೊಳೆಯುವ ದ್ರವ ಸೋಪು ಒಂದು ಹನಿ, ಬೆರಳ ತುದಿಯಿಂದ ಮೆಲ್ಲಗೆ. ಮೂಗಿನ ಪ್ಯಾಡ್ ಸಂದಿಯ ಬೆವರುಪ್ಪನ್ನೂ ತೊಳೆಯಿರಿ. ಬೋರ್‌ವೆಲ್ ನೀರಾದರೆ ಒಣಗಿದ ಮೇಲೆ ಬಿಳಿ ಚುಕ್ಕಿ ಉಳಿಯುತ್ತದೆ, ಕೊನೆಯ ಜಾಲಾಟಕ್ಕೆ ಒಂದು ಲೋಟ ಫಿಲ್ಟರ್ ನೀರು ಸಾಕು. ಮೈಕ್ರೊಫೈಬರ್ ಬಟ್ಟೆಯಿಂದ ಒತ್ತಿ ಒಣಗಿಸಿ. ಆ ಬಟ್ಟೆಯನ್ನೂ ವಾರಕ್ಕೊಮ್ಮೆ ಒಗೆಯಿರಿ, ಫ್ಯಾಬ್ರಿಕ್ ಕಂಡಿಷನರ್ ಹಾಕದೆ.

ಪದರ ಏಳುವುದಕ್ಕೆ ಬಿಸಿ, ರಾಸಾಯನಿಕ ಎರಡೂ ಕಾರಣ. ಬಿಸಿಲಲ್ಲಿ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಇಡಬೇಡಿ. ಉಗುರುಬಣ್ಣ ತೆಗೆಯುವ ಅಸಿಟೋನ್ ತಾಗಿದರೆ ಪಾಲಿಕಾರ್ಬೊನೇಟ್ ಬಿರುಕು ಬಿಡುತ್ತದೆ. ಡೀಟ್ ಇರುವ ಸೊಳ್ಳೆ ಮುಲಾಮು ಹಚ್ಚಿದ ಕೈಯಲ್ಲಿ ಲೆನ್ಸ್ ಮುಟ್ಟಿದರೂ ಹಾಳು. ಆಗಲೇ ಬಿದ್ದ ಗೀರನ್ನು ಪಾಲಿಶ್ ಮಾಡಿ ತೆಗೆಯಲಾಗದು. ನಿಮ್ಮ ಮಾದರಿಗೆ ಬಿಡಿ ಲೆನ್ಸ್ ಸಿಕ್ಕರೆ ಅದನ್ನಷ್ಟೇ ಕೊಳ್ಳಿ, ಫ್ರೇಮ್ ಇನ್ನೂ ಬಾಳುತ್ತದೆ.